ಕಪ್ಪು ಕಾಯಿ ಗೆದ್ದ ಆಟವನ್ನು ಕೂತು ಓದುವುದು ಹೇಗೆ? ಆರೋನಿಯನ್–ಆನಂದ್ 2013, ಹಂತ ಹಂತವಾಗಿ

‘ದೊಡ್ಡ ಆಟಗಾರರ ಆಟಗಳನ್ನು ನೋಡ್ತೀನಿ, ಆದರೆ ತಲೆಯಲ್ಲಿ ಏನೂ ನಿಲ್ಲಲ್ಲ. ಹೇಗೆ ನೋಡಬೇಕು?’ ಚೆಸ್ ಕಲಿಯುವವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: ‘ಕಪ್ಪು ಕಾಯಿ ಸಿಕ್ಕರೆ ಸುಮ್ನೆ ತಡೆಯುತ್ತಾ ಕೂರಬೇಕಾ?’ ಎರಡಕ್ಕೂ ಒಂದೇ ಆಟ ಇಟ್ಟುಕೊಂಡು ಉತ್ತರ ಹೇಳುತ್ತೇನೆ.

ಆಟ ಇದು. 2013ರ ಜನವರಿ, ನೆದರ್‌ಲ್ಯಾಂಡ್ಸ್‌ನ ವೈಕ್ ಆನ್ ಜೀ ಊರಿನ ಟಾಟಾ ಸ್ಟೀಲ್ ಟೂರ್ನಿ. ಬಿಳಿ ಕಾಯಿ ಅರ್ಮೇನಿಯಾದ ಲೆವೊನ್ ಆರೋನಿಯನ್ ಅವರದು. ಕಪ್ಪು ಕಾಯಿ ಆಗಿನ ವಿಶ್ವ ಚಾಂಪಿಯನ್ ವಿಶ್ವನಾಥನ್ ಆನಂದ್ ಅವರದು. 23 ನಡೆಗಳಲ್ಲಿ ಕಪ್ಪು ಗೆದ್ದಿತು. ಅಷ್ಟು ಚಿಕ್ಕದಾಗಿರುವುದರಿಂದ ಒಂದೇ ದಿನದಲ್ಲಿ ಓದಿ ಮುಗಿಸಬಹುದು.

ಏನೇನು ಬೇಕು?

ಒಂದು ನಿಜವಾದ ಬೋರ್ಡು ಮತ್ತು ಕಾಯಿಗಳು. ಒಂದು ನೋಟ್‌ಬುಕ್, ಪೆನ್ನು. ಸುಮಾರು ಒಂದೂವರೆ ಗಂಟೆ, ನಡುವೆ ಒಂದು ಬಿಡುವು. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ತಮಾಷೆಗೆ ಹೇಳುತ್ತಿಲ್ಲ. ಎಂಜಿನ್, ಅಂದರೆ ನಡೆಗಳನ್ನು ಲೆಕ್ಕ ಹಾಕಿ ಯಾರಿಗೆ ಎಷ್ಟು ಮೇಲುಗೈ ಎಂದು ಹೇಳುವ ಪ್ರೋಗ್ರಾಂ, ಕೈಗೆ ಎಟುಕುವಂತಿದ್ದರೆ ಐದನೇ ನಿಮಿಷಕ್ಕೇ ಅದನ್ನು ತೆರೆದುಬಿಡುತ್ತೀರಿ.

ಬರೆಯುವ ಪದ್ಧತಿ: ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂಟು ಉದ್ದ ಸಾಲುಗಳು. ಕೆಳಗಿನಿಂದ ಮೇಲಕ್ಕೆ 1ರಿಂದ 8 ಅಡ್ಡ ಸಾಲುಗಳು. ಇದು ಬಿಳಿ ಕಡೆಯಿಂದ ನೋಡಿದಾಗಿನ ಲೆಕ್ಕ. ಬರೀ ಮನೆಯ ಹೆಸರಿದ್ದರೆ ಕಾಲಾಳು ನಡೆದಿದೆ ಎಂದರ್ಥ. × ಗುರುತು ಇದ್ದರೆ ಹೊಡೆತ. + ಇದ್ದರೆ ಚೆಕ್. ‘ಎ’ ಮತ್ತು ‘ಇ’ ಸಾಲುಗಳನ್ನು ಕಲಸಿಕೊಳ್ಳಬೇಡಿ. ಬೋರ್ಡ್ ತಪ್ಪಾಗುವುದು ಹೆಚ್ಚಾಗಿ ಅಲ್ಲೇ.

ಹಂತ 1: ಬೋರ್ಡ್ ತಿರುಗಿಸಿ

ಕಪ್ಪು ಕಾಯಿಗಳು ನಿಮ್ಮ ಕಡೆ ಇರಲಿ. ಪುಸ್ತಕಗಳಲ್ಲಿ ಚಿತ್ರ ಸಾಮಾನ್ಯವಾಗಿ ಬಿಳಿ ಕಡೆಯಿಂದ ಇರುತ್ತದೆ. ಹಾಗಾಗಿ ಕಪ್ಪು ಗೆದ್ದ ಆಟವನ್ನೂ ನಾವು ಸೋತವರ ಕುರ್ಚಿಯಲ್ಲಿ ಕೂತೇ ನೋಡುತ್ತೇವೆ. ಗೆದ್ದವರ ಕುರ್ಚಿಗೆ ಹೋಗಿ ಕೂರಿ. ಮೊದಲ ಹತ್ತು ನಿಮಿಷ ಕಷ್ಟವಾಗುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ.

ಹಂತ 2: ಮೊದಲ 11 ನಡೆ ಆಡಿ, ನಿಂತು ಪರೀಕ್ಷಿಸಿ

ಎಡಗಡೆ ಬಿಳಿ, ಅಲ್ಪವಿರಾಮದ ನಂತರ ಕಪ್ಪು:

1. ಡಿ4, ಡಿ5
2. ಸಿ4, ಸಿ6
3. ಕುದುರೆ ಎಫ್3, ಕುದುರೆ ಎಫ್6
4. ಕುದುರೆ ಸಿ3, ಇ6
5. ಇ3, ಬಿ8ರ ಕುದುರೆ ಡಿ7
6. ಒಂಟೆ ಡಿ3, ಡಿ×ಸಿ4
7. ಒಂಟೆ×ಸಿ4, ಬಿ5
8. ಒಂಟೆ ಡಿ3, ಒಂಟೆ ಡಿ6
9. ಕ್ಯಾಸ್ಲಿಂಗ್, ಕ್ಯಾಸ್ಲಿಂಗ್ (ಇಬ್ಬರೂ ಜಿ ಸಾಲಿನ ಕಡೆ: ಒಂದೇ ನಡೆಯಲ್ಲಿ ರಾಜ ಜಿ ಸಾಲಿಗೆ, ಆನೆ ಎಫ್ ಸಾಲಿಗೆ)
10. ರಾಣಿ ಸಿ2, ಒಂಟೆ ಬಿ7
11. ಎ3, ಆನೆ ಸಿ8

ಈ ಓಪನಿಂಗ್‌ಗೆ ಸೆಮಿ ಸ್ಲಾವ್ ಎಂದು ಹೆಸರು. ಓಪನಿಂಗ್ ಅಂದರೆ ಆಟದ ಆರಂಭದ ನಡೆಗಳ ಕ್ರಮ. ಅದರೊಳಗೆ ಡಿ5ರ ಕಾಲಾಳಿನಿಂದ ಸಿ4 ಹೊಡೆದು, ತಕ್ಷಣ ಬಿ5 ತಳ್ಳುವ ದಾರಿಗೆ ಮೆರಾನ್ ಎನ್ನುತ್ತಾರೆ. ಇಟಲಿಯ ಮೆರಾನ್ ಊರಿನಲ್ಲಿ 1924ರಲ್ಲಿ ನಡೆದ ಟೂರ್ನಿಯಿಂದ ಬಂದ ಹೆಸರು. ಅಲ್ಲಿ ಗ್ರೂನ್‌ಫೆಲ್ಡ್ ವಿರುದ್ಧ ರುಬಿನ್‌ಸ್ಟೈನ್ ಕಪ್ಪಿನಲ್ಲಿ ಇದನ್ನು ಆಡಿ ಗೆದ್ದಿದ್ದರು.

ಇಂಥ ಓಪನಿಂಗ್‌ಗಳನ್ನು ‘ಶಾರ್ಪ್’ ಅನ್ನುತ್ತಾರೆ. ಒಂದೇ ಒಂದು ತಪ್ಪು ನಡೆಗೆ ಆಟ ಮುಗಿಯಬಹುದು, ಅದೂ ಇಬ್ಬರಲ್ಲಿ ಯಾರದ್ದು ಬೇಕಾದರೂ. ಕತ್ತಿಗೆ ಎರಡೂ ಕಡೆ ಅಲಗು.

ಈಗ ಬೋರ್ಡ್ ಸರಿ ಇದೆಯಾ ನೋಡಿಕೊಳ್ಳಿ. ಇಬ್ಬರ ಬಳಿಯೂ ಏಳೇಳು ಕಾಲಾಳುಗಳಿರಬೇಕು. ದೊಡ್ಡ ಕಾಯಿ ಒಂದೂ ಹೋಗಿರಬಾರದು. ಕಪ್ಪಿನ ಒಂಟೆಗಳು ಬಿ7 ಮತ್ತು ಡಿ6ರಲ್ಲಿ, ಕುದುರೆಗಳು ಡಿ7 ಮತ್ತು ಎಫ್6ರಲ್ಲಿ. ಹೀಗಿಲ್ಲದಿದ್ದರೆ ಮೊದಲಿಂದ ಆಡಿ. ತಪ್ಪು ಬೋರ್ಡಿನ ಮೇಲೆ ಅರ್ಧ ಗಂಟೆ ಯೋಚಿಸುವಷ್ಟು ದಂಡ ಇನ್ನೊಂದಿಲ್ಲ.

ಎಡವುವ ಜಾಗ: ಈ 11 ನಡೆಗಳನ್ನು ಬಾಯಿಪಾಠ ಮಾಡಿ ನಾಳೆಯೇ ಆಡಲು ಹೋಗಬೇಡಿ. ಎದುರಾಳಿ ಎಂಟನೇ ನಡೆಯಲ್ಲಿ ಒಂಟೆಯನ್ನು ಬೇರೆ ಮನೆಗೆ ಇಟ್ಟರೆ ಸಾಕು, ನಿಮ್ಮ ಪಾಠ ಮುಗಿಯುತ್ತದೆ.

ಹಂತ 3: ಗೆರೆಗಳನ್ನು ಬರೆದುಕೊಳ್ಳಿ

ನನ್ನ ಮಟ್ಟಿಗೆ ಇಡೀ ಅಭ್ಯಾಸದ ತಿರುಳು ಇದೇ. ಕಾಯಿಗಳನ್ನು ನೋಡುವ ಮೊದಲು ಗೆರೆಗಳನ್ನು ನೋಡಿ. ಗೆರೆ ಅಂದರೆ ಆನೆ, ಒಂಟೆ, ರಾಣಿ ಓಡಾಡುವ ದಾರಿ. ಬಿಳಿ ರಾಜ ಈಗ ಜಿ1ರಲ್ಲಿದ್ದಾನೆ. ಅವನ ಕಡೆ ಹೋಗುವ ದಾರಿಗಳು ಯಾವುವು, ಪ್ರತಿಯೊಂದಕ್ಕೂ ಯಾರು ಅಡ್ಡ ನಿಂತಿದ್ದಾರೆ? ನೋಟ್‌ಬುಕ್‌ನಲ್ಲಿ ಬರೆಯಿರಿ.

ಬಿ7ರಿಂದ ಜಿ2ಕ್ಕೆ ಓರೆ ಗೆರೆ: ಅಡ್ಡ ಇರುವವರು ಕಪ್ಪಿನದೇ ಸಿ6 ಕಾಲಾಳು, ಆಚೆ ಎಫ್3ರ ಬಿಳಿ ಕುದುರೆ.

ಡಿ6ರಿಂದ ಎಚ್2ಕ್ಕೆ ಓರೆ ಗೆರೆ: ಯಾರೂ ಇಲ್ಲ. ನೇರ ದಾರಿ.

ಸಿ5ರಿಂದ ಜಿ1ಕ್ಕೆ ಓರೆ ಗೆರೆ: ಡಿ4, ಇ3, ಎಫ್2, ಮೂರು ಕಾಲಾಳುಗಳು. ಭದ್ರವಾದ ಬಾಗಿಲು.

ಡಿ ಉದ್ದ ಸಾಲು, ಕಪ್ಪು ರಾಣಿಯ ದಾರಿ: ಅವಳ ಮುಂದೆಯೇ ಅವಳದೇ ಕುದುರೆ ಮತ್ತು ಒಂಟೆ.

ನಾಲ್ಕೇ ಸಾಲು ಬರೆದಿದ್ದೀರಿ. ಮುಂದಿನ ಹತ್ತು ನಡೆಗಳಲ್ಲಿ ಈ ನಾಲ್ಕೂ ಗೆರೆಗಳಿಗೆ ಏನಾಗುತ್ತದೆ ಎಂಬುದೇ ಆಟ.

ಹಂತ 4: ಹಾಳೆ ಮುಚ್ಚಿ, ಊಹಿಸಿ, ಬರೆಯಿರಿ

ಇನ್ನು ಮುಂದೆ ಕಪ್ಪಿನ ನಡೆಯನ್ನು ಹಾಳೆಯಿಂದ ಮುಚ್ಚಿ. ಬಿಳಿ ನಡೆಯನ್ನು ಬೋರ್ಡಿನಲ್ಲಿ ಆಡಿ. ಐದು ನಿಮಿಷ ಯೋಚಿಸಿ, ನಿಮ್ಮ ನಡೆ ಬರೆಯಿರಿ, ಯಾಕೆ ಅನ್ನುವುದನ್ನೂ ಒಂದು ವಾಕ್ಯದಲ್ಲಿ ಬರೆಯಿರಿ. ಆಮೇಲೆ ಹಾಳೆ ಸರಿಸಿ.

ಬರೆಯದೆ ಮನಸ್ಸಿನಲ್ಲೇ ಊಹಿಸಿದರೆ ಏನಾಗುತ್ತದೆ ಗೊತ್ತಲ್ಲ? ಉತ್ತರ ನೋಡಿದ ಮೇಲೆ ‘ಹೌದೌದು, ನಾನೂ ಅದನ್ನೇ ಅಂದ್ಕೊಂಡಿದ್ದೆ’ ಅನಿಸುತ್ತದೆ. ಪೆನ್ನು ಸುಳ್ಳು ಹೇಳಲು ಬಿಡುವುದಿಲ್ಲ.

ಮೊದಲ ನಿಲ್ದಾಣ. 12. ಕುದುರೆ ಜಿ5. ಎಚ್7ರ ಮೇಲೆ ರಾಣಿ, ಒಂಟೆ, ಕುದುರೆ ಮೂರೂ ಕಣ್ಣಿಟ್ಟಿವೆ. ಹೆಚ್ಚಿನವರು ಎಚ್6 ಎಂದು ಬರೆಯುತ್ತಾರೆ. ಆನಂದ್ ಆಡಿದ್ದು ಸಿ5. ಎಚ್7 ಹೋದರೆ ಹೋಗಲಿ ಅಂತ. ಗೆರೆಗಳ ಪಟ್ಟಿ ತೆಗೆಯಿರಿ. ಬಿ7–ಜಿ2 ಗೆರೆಗೆ ಅಡ್ಡ ಇದ್ದ ಸಿ6 ಕಾಲಾಳು ಮುಂದೆ ಹೋಯಿತು. ಎಫ್3ರ ಕುದುರೆಯನ್ನು ಬಿಳಿಯೇ ಜಿ5ಕ್ಕೆ ಒಯ್ದಾಗಿದೆ. ದಾರಿ ಪೂರ್ತಿ ತೆರೆದಿದೆ.

ಎರಡನೇ ನಿಲ್ದಾಣ. 13. ಕುದುರೆ×ಎಚ್7. ಈಗ ಈ ಕುದುರೆ ಎಫ್8ರ ಆನೆಯನ್ನೂ ಎಫ್6ರ ಕುದುರೆಯನ್ನೂ ಒಟ್ಟಿಗೆ ಹೆದರಿಸುತ್ತಿದೆ. ಕೈ ತಾನಾಗಿಯೇ ಎಚ್7ರ ಕುದುರೆಯನ್ನು ಹೊಡೆಯಲು ಹೋಗುತ್ತದೆ. ಆನಂದ್ ಹೊಡೆಯಲಿಲ್ಲ. ಅವರ ನಡೆ ಕುದುರೆ ಜಿ4. ಆನೆ ಬಿಟ್ಟುಕೊಟ್ಟು ಎಚ್2ರ ಮೇಲೆ ಗುರಿ. ಬಿಳಿ ಆನೆ ತೆಗೆದುಕೊಂಡರೆ ಡಿ6ರ ಒಂಟೆ ಎಚ್2 ಹೊಡೆದು ಚೆಕ್ ಕೊಡುತ್ತದೆ, ಹಿಂದೆಯೇ ರಾಣಿ ಎಚ್4ಕ್ಕೆ ಬರುತ್ತಾಳೆ. ಈ ದಾರಿಯನ್ನು ನೀವೇ ಬೋರ್ಡಿನ ಮೇಲೆ ಆಡಿ ನೋಡಿ. ಹತ್ತು ನಿಮಿಷ ಹೋದರೂ ಪರವಾಗಿಲ್ಲ.

14. ಎಫ್4. ಡಿ6–ಎಚ್2 ಗೆರೆಗೆ ಬಿಳಿ ಬಾಗಿಲು ಹಾಕಿತು. ಸರಿಯಾದ ಯೋಚನೆಯೇ. ಆದರೆ ಪಟ್ಟಿಯ ಮೂರನೇ ಸಾಲು ನೋಡಿ. ಎಫ್2ರ ಕಾಲಾಳು ಅಲ್ಲಿಂದ ಎದ್ದು ಹೋಯಿತು. ಮೂರರಲ್ಲಿ ಒಂದು ಚಿಲಕ ಕಳಚಿತು. ಕಪ್ಪು ಸಿ×ಡಿ4 ಆಡಿತು. 15. ಇ×ಡಿ4. ಈಗ ಇ3ರ ಚಿಲಕವೂ ಹೋಯಿತು. ಉಳಿದದ್ದು ಡಿ4 ಒಂದೇ.

ಮೂರನೇ ನಿಲ್ದಾಣ. ಇಲ್ಲಿ ಐದು ನಿಮಿಷ ಸಾಲದು, ಹತ್ತು ಕೊಡಿ. ಕಪ್ಪಿನ 15ನೇ ನಡೆ: ಒಂಟೆ ಸಿ5.

ಮೊದಲ ಸಲ ನೋಡಿದಾಗ ಅಚ್ಚಿನ ತಪ್ಪು ಅಂದುಕೊಂಡಿದ್ದೆ. ಕಾಲಾಳಿನ ಬಾಯಿಗೆ ಒಂಟೆ ಇಡುವುದಾ? ಆದರೆ ಡಿ4ರ ಕಾಲಾಳು ಅದನ್ನು ಹೊಡೆದರೆ ಡಿ7ರ ಕುದುರೆ ವಾಪಸ್ ಹೊಡೆದು ಸಿ5ಕ್ಕೆ ಬರುತ್ತದೆ. ಆಗ ಡಿ ಸಾಲು ಖಾಲಿ. ರಾಣಿಗೆ ಡಿ4ರ ಚೆಕ್ ಸಿಗುತ್ತದೆ, ಡಿ3ರ ಒಂಟೆಯ ಮೇಲೂ ದಾಳಿ. ಒಂಟೆ ಮುಚ್ಚಿದ ಬಾಗಿಲು ಬಿಟ್ಟು ಸಡಿಲವಾದ ಬಾಗಿಲಿಗೆ ಬಂದಿದೆ, ಅಷ್ಟೇ.

ಇಲ್ಲೊಂದು ಮಾತು. ಈ ದಾರಿಯ ಒಂದಷ್ಟು ಭಾಗ ಆನಂದ್ ಮನೆಯಲ್ಲೇ ತಯಾರಿ ಮಾಡಿಕೊಂಡಿದ್ದು. 2012ರಲ್ಲಿ ಗೆಲ್ಫಾಂಡ್ ಜೊತೆಗಿನ ವಿಶ್ವ ಚಾಂಪಿಯನ್‌ಶಿಪ್‌ಗಾಗಿ ಮಾಡಿದ ಕೆಲಸ ಅದು. ಹಾಗಾಗಿ ‘ನನಗೆ ಇದು ಹೊಳೀಲೇ ಇಲ್ಲ’ ಎಂದು ಬೇಜಾರು ಮಾಡಿಕೊಳ್ಳಬೇಡಿ.

ನಾಲ್ಕನೇ ನಿಲ್ದಾಣ. 16. ಒಂಟೆ ಇ2. ಬಿಳಿ ಜಿ4ರ ಕುದುರೆಯನ್ನು ಹೆದರಿಸುತ್ತಿದೆ. ಕಪ್ಪಿನ ಉತ್ತರ ಡಿ7ರ ಕುದುರೆ ಇ5ಕ್ಕೆ. ಇದೂ ಕಾಲಾಳಿನ ಬಾಯಿಗೇ! ಈಗ ಎರಡು ಕಾಯಿಗಳು ಪುಕ್ಕಟೆ ಸಿಗುವಂತೆ ಕಾಣುತ್ತವೆ. ಇ5ರ ಕುದುರೆಯನ್ನು ಎಫ್4ರ ಕಾಲಾಳು ಹೊಡೆಯಲಿ. ಡಿ ಸಾಲಿನಲ್ಲಿ ಇನ್ನು ಕಪ್ಪು ಕಾಯಿ ಯಾವುದೂ ಅಡ್ಡ ಇಲ್ಲ. ರಾಣಿ×ಡಿ4+. ರಾಜ ಎಚ್1ಕ್ಕೆ ಓಡಿದರೆ ರಾಣಿ ಜಿ1ಕ್ಕೆ ಬಂದು ಚೆಕ್! ಸಿ5ರ ಒಂಟೆ ಕಾವಲಿರುವುದರಿಂದ ರಾಜ ಅವಳನ್ನು ಹೊಡೆಯುವಂತಿಲ್ಲ. ಎಫ್1ರ ಆನೆಯೇ ಹೊಡೆಯಬೇಕು. ಆಗ ಕುದುರೆ ಎಫ್2, ಚೆಕ್‌ಮೇಟ್. ರಾಜನ ಸುತ್ತ ಅವನದೇ ಕಾಯಿಗಳು, ಹೊರಗೆ ಹೋಗಲು ಒಂದು ಮನೆಯೂ ಇಲ್ಲ. ಇದಕ್ಕೆ ‘ಸ್ಮದರ್ಡ್ ಮೇಟ್’ ಎನ್ನುತ್ತಾರೆ, ಉಸಿರುಗಟ್ಟಿಸುವ ಮೇಟ್.

ಒಂದು ಸೂಕ್ಷ್ಮ ಗಮನಿಸಿ. ಸಿ2ರ ಬಿಳಿ ರಾಣಿ ಎರಡನೇ ಅಡ್ಡ ಸಾಲಿನಲ್ಲಿ ಎಫ್2 ಕಾಯುತ್ತಿರಬೇಕಿತ್ತು. ಅವಳಿಗೆ ಅಡ್ಡ ಬಂದಿದ್ದು ಆಗ ತಾನೇ ಇ2ಕ್ಕೆ ಬಂದ ಬಿಳಿಯದೇ ಒಂಟೆ.

ಆರೋನಿಯನ್ ಆ ಬಲೆಗೆ ಬೀಳಲಿಲ್ಲ. ಮುಂದಿನ ನಡೆಗಳು: 17. ಒಂಟೆ×ಜಿ4, ಒಂಟೆ×ಡಿ4+ 18. ರಾಜ ಎಚ್1, ಕುದುರೆ×ಜಿ4 19. ಕುದುರೆ×ಎಫ್8.

ಹಂತ 5: ಕಾಯಿ ಎಣಿಸಿ, ಆಮೇಲೆ ಎಣಿಕೆಯನ್ನು ಪಕ್ಕಕ್ಕಿಡಿ

ಕಾಲಾಳಿಗೆ 1, ಕುದುರೆ ಮತ್ತು ಒಂಟೆಗೆ 3, ಆನೆಗೆ 5, ರಾಣಿಗೆ 9 ಅಂಕ. ಎಲ್ಲರಿಗೂ ಗೊತ್ತಿರುವ ಲೆಕ್ಕ. ಈಗ ಬೋರ್ಡಿನಲ್ಲಿ ಬಿಳಿಗೆ 33, ಕಪ್ಪಿಗೆ 28. ಬಿಳಿ ಒಂದು ಪೂರ್ತಿ ಆನೆಯಷ್ಟು ಮುಂದಿದೆ. ಜೊತೆಗೆ ಎಫ್8ರ ಬಿಳಿ ಕುದುರೆಯನ್ನು ಕಪ್ಪು ರಾಜ ಈಗಲೇ ಹೊಡೆಯಬಹುದು.

ಹೊಡೀತೀರಾ? ಅಥವಾ ರಾಣಿಯನ್ನು ಎಚ್4ಕ್ಕೆ ತಂದು ಎಚ್2ರಲ್ಲಿ ಮೇಟ್ ಬೆದರಿಕೆ ಹಾಕ್ತೀರಾ? ನನ್ನ ಊಹೆ, ಹತ್ತರಲ್ಲಿ ಎಂಟು ಜನ ಎರಡನೆಯದನ್ನೇ ಬರೆಯುತ್ತಾರೆ. ನಾನೂ ಅದನ್ನೇ ಬರೆದಿದ್ದೆ. ಆಡಿ ನೋಡಿ: ರಾಣಿ ಎಚ್4ಕ್ಕೆ ಬಂದ ಕೂಡಲೇ ಬಿಳಿ ರಾಣಿ ಸಿ2ರಿಂದ ಓರೆಯಾಗಿ ಎಚ್7ಕ್ಕೆ ಬಂದು ಚೆಕ್ ಕೊಡುತ್ತಾಳೆ. ಎಫ್8ರ ಕುದುರೆ ಅವಳಿಗೆ ಕಾವಲು. ರಾಣಿಗೆ ರಾಣಿ ಬದಲಾಗುತ್ತದೆ, ದಾಳಿ ಆರಿಹೋಗುತ್ತದೆ, ಅಂಕದಲ್ಲಿ ಹಿಂದಿದ್ದವರು ಹಿಂದೆಯೇ ಉಳಿಯುತ್ತಾರೆ.

ಆನಂದ್ ಆಡಿದ್ದು 19... ಎಫ್5. ಒಂದೇ ಕಾಲಾಳು, ಎರಡು ಕೆಲಸ. ಸಿ2–ಎಚ್7 ಗೆರೆ ಮುಚ್ಚಿತು, ಜಿ4ರ ಕುದುರೆಗೆ ಕಾವಲಾಯಿತು. ಈಗ ರಾಣಿ ಎಚ್4 ನಿಜವಾದ ಬೆದರಿಕೆ. ಇಷ್ಟು ಹೊತ್ತು ತನ್ನ ಗೆರೆಗಳನ್ನು ತೆರೆದವರು ಇಲ್ಲಿ ಎದುರಾಳಿಯದನ್ನು ಮುಚ್ಚಿದರು. ದಾಳಿ ಮಾಡುವವರು ಮರೆಯುವುದು ಇದನ್ನೇ.

ಎಡವುವ ಜಾಗ: ‘ಬಿಟ್ಟುಕೊಟ್ಟರೆ ಗೆಲ್ಲಬಹುದು’ ಎಂಬ ಪಾಠ ಇಲ್ಲಿಂದ ತೆಗೆದುಕೊಳ್ಳಬೇಡಿ. ಆನೆ ಬಿಟ್ಟಿದ್ದು ನಾಲ್ಕು ಗೆರೆಗಳೂ ರಾಜನ ಕಡೆ ತೆರೆಯುತ್ತಿದ್ದವು ಅಂತ. ಗೆರೆ ಇಲ್ಲದೆ ಆನೆ ಬಿಟ್ಟರೆ ಬರೀ ಆನೆ ಹೋಗುತ್ತದೆ.

ಹಂತ 6: ಕೊನೆಯ ನಡೆಯ ನಂತರವೂ ಆಡಿ

20. ಕುದುರೆ ಜಿ6 (ಎಚ್4 ಕಾಯಲು), ರಾಣಿ ಎಫ್6
21. ಎಚ್3, ರಾಣಿ×ಜಿ6
22. ರಾಣಿ ಇ2, ರಾಣಿ ಎಚ್5
23. ರಾಣಿ ಡಿ3, ಒಂಟೆ ಇ3. ಬಿಳಿ ಸೋಲೊಪ್ಪಿತು.

ಇಲ್ಲಿ ‘ಓ, ಮುಗೀತು’ ಎಂದು ಬೋರ್ಡ್ ಎತ್ತಿಡಬೇಡಿ. ಯಾಕೆ ಸೋಲೊಪ್ಪಿದರು ಎಂದು ನೀವೇ ತೋರಿಸಬೇಕು. ಕಪ್ಪಿನ ಬೆದರಿಕೆ ರಾಣಿ×ಎಚ್3, ಚೆಕ್‌ಮೇಟ್. ಜಿ2ರ ಕಾಲಾಳು ಅವಳನ್ನು ಹೊಡೆಯುವಂತಿಲ್ಲ. ಬಿ7ರ ಒಂಟೆಯಿಂದ ಅದಕ್ಕೆ ‘ಪಿನ್’, ಅಂದರೆ ಅದು ಸರಿದರೆ ಹಿಂದಿರುವ ರಾಜನಿಗೆ ಚೆಕ್ ಬೀಳುತ್ತದೆ. ಬಿಳಿ ರಾಣಿ ಡಿ3ಕ್ಕೆ ಬಂದಿದ್ದೇ ಮೂರನೇ ಅಡ್ಡ ಸಾಲಿನಿಂದ ಎಚ್3 ಕಾಯಲು. ಇ3ಕ್ಕೆ ಬಂದ ಒಂಟೆ ಆ ಸಾಲಿನ ನಡುವೆ ಗೋಡೆಯಂತೆ ನಿಂತಿತು.

ಈಗ ಬಿಳಿಯ ಒಂದೊಂದು ಉತ್ತರ ನೋಡಿ. ಒಂಟೆ×ಇ3 ಆದರೆ ರಾಣಿ×ಎಚ್3+, ರಾಜ ಜಿ1, ರಾಣಿ ಎಚ್2 ಮೇಟ್. ರಾಣಿ×ಇ3 ಆದರೆ ಜಿ4ರ ಕುದುರೆ ಆ ರಾಣಿಯನ್ನೇ ಹೊಡೆಯುತ್ತದೆ. ಎಚ್3ರ ಕಾಲಾಳಿನಿಂದ ಜಿ4ರ ಕುದುರೆಯನ್ನು ಹೊಡೆಯೋಣ ಅಂದರೆ ಅದಕ್ಕೂ ಪಿನ್, ಈ ಸಲ ಎಚ್5ರ ರಾಣಿಯಿಂದ. ಆನೆ ಎಫ್3 ತುಸು ಜಾಣ ಪ್ರಯತ್ನ. ಅದನ್ನು ಕಪ್ಪು ಹೇಗೆ ಮುರಿಯುತ್ತದೆ ಎಂದು ನಿಮಗೇ ಬಿಟ್ಟೆ. ಸುಳಿವು ಬಿ7ರಲ್ಲಿದೆ.

ಹಿಂದಕ್ಕೆ ಹೋಗಿ ಇನ್ನೊಂದನ್ನೂ ನೋಡಿ. 22ನೇ ನಡೆಯಲ್ಲಿ ಬಿಳಿ ಎಚ್×ಜಿ4 ಯಾಕೆ ಆಡಲಿಲ್ಲ? ರಾಣಿ ಎಚ್6, ಮೇಟ್. ಡಿ4ರ ಒಂಟೆ ಜಿ1 ಮುಚ್ಚಿದೆ, ಎಚ್ ಸಾಲು ಖಾಲಿ.

ಹಂತ 7: ಈಗ ಎಂಜಿನ್

ಬಿಡುವು ಮುಗಿದ ಮೇಲೆ ಮೊಬೈಲ್ ತನ್ನಿ. ಸ್ಟಾಕ್‌ಫಿಶ್ ಉಚಿತ, ಅದೇ ಸಾಕು. ಆಟ ಪೂರ್ತಿ ಹಾಕಿ ಮೇಲಿಂದ ಕೆಳಗೆ ಓಡಿಸಬೇಡಿ. ನಿಮ್ಮ ನೋಟ್‌ಬುಕ್‌ನಲ್ಲಿ ಆನಂದ್ ನಡೆಗಿಂತ ಬೇರೆಯಾಗಿರುವ ಜಾಗಗಳಿಗೆ ಮಾತ್ರ ಹೋಗಿ. ಅಲ್ಲಿ ನಿಮ್ಮ ನಡೆ ಆಡಿಸಿ, ಎಂಜಿನ್ ಕೊಡುವ ಉತ್ತರ ನೋಡಿ. ಆ ಉತ್ತರ ಯಾವ ಗೆರೆ ಬಳಸಿತು ಎಂದು ಪಕ್ಕದಲ್ಲಿ ಬರೆಯಿರಿ. ಪರದೆಯ ಮೇಲಿನ ಅಂಕಿ ಎಷ್ಟು ಅಂತ ಬರೆಯುವ ಅಗತ್ಯ ಇಲ್ಲ. ನಿಮ್ಮ ನಡೆಯೂ ಚೆನ್ನಾಗಿಯೇ ಇತ್ತು ಎಂದು ಅದು ಹೇಳಿದರೆ ಖುಷಿಪಡಿ. ಅಂಥದ್ದು ಆಗುತ್ತದೆ.

ಹಂತ 8: ಮುಂದಿನ ಆಟ ಯಾವುದು?

ಒಂದು ವಾರ ಬಿಟ್ಟು ಇದೇ ಆಟವನ್ನು 12ನೇ ನಡೆಯಿಂದ ನೆನಪಿನಲ್ಲೇ ಆಡಿ ನೋಡಿ. ತಡೆದು ನಿಂತ ಜಾಗದಲ್ಲಿ ಗೆರೆಗಳ ಪಟ್ಟಿ ನೋಡಿ, ನಡೆಗಳ ಪಟ್ಟಿ ಬೇಡ.

ಆಮೇಲೆ 1907ರಲ್ಲಿ ಲೋಡ್ಜ್‌ನಲ್ಲಿ ನಡೆದ ರಾಟ್ಲೆವಿ–ರುಬಿನ್‌ಸ್ಟೈನ್ ಆಟ ತೆಗೆಯಿರಿ. 25 ನಡೆ, ಅದರಲ್ಲೂ ಗೆದ್ದಿದ್ದು ಕಪ್ಪು. ಎರಡು ಒಂಟೆಗಳು ರಾಜನ ಕಡೆ ನೆಟ್ಟ ನೋಟ, ಜಿ4ರಲ್ಲಿ ಕುದುರೆ. ಇದನ್ನು ಮುಗಿಸಿ ಅದಕ್ಕೆ ಹೋದರೆ ‘ಅರೆ, ಇವರನ್ನು ಎಲ್ಲೋ ನೋಡಿದ್ದೀನಲ್ಲ’ ಅನಿಸುತ್ತದೆ.

ಅದಕ್ಕೂ ಮುಂದೆ ಹೋಗಬೇಕಾದರೆ 2008ರ ವಿಶ್ವ ಚಾಂಪಿಯನ್‌ಶಿಪ್, ಜರ್ಮನಿಯ ಬಾನ್, ಕ್ರಾಮ್ನಿಕ್–ಆನಂದ್. ಮೂರನೇ ಮತ್ತು ಐದನೇ ಆಟ ಎರಡೂ ಮೆರಾನ್, ಎರಡನ್ನೂ ಆನಂದ್ ಕಪ್ಪಿನಲ್ಲೇ ಗೆದ್ದರು. ಇವು ತುಂಬ ಗೋಜಲು. ಮೂರನೇ ಆಟದಲ್ಲಿ 11ನೇ ನಡೆಗೇ ಬಿಳಿ ಕುದುರೆ ಬಿ5ರ ಕಾಲಾಳನ್ನು ಹೊಡೆಯುತ್ತದೆ, ಅಲ್ಲಿಂದ ಎರಡೂ ಕಡೆ ರಾಜರಿಗೆ ನೆಮ್ಮದಿ ಇಲ್ಲ. ಅದನ್ನು ಓದುವಾಗ ಎರಡು ಬೋರ್ಡ್ ಇಟ್ಟುಕೊಳ್ಳಿ. ಒಂದರಲ್ಲಿ ಆಟ ಮುಂದೆ ಸಾಗಲಿ, ಇನ್ನೊಂದರಲ್ಲಿ ‘ಹೀಗಾಡಿದ್ದರೆ?’ ಎಂದು ಪರೀಕ್ಷಿಸಿ. ಒಂದೇ ಬೋರ್ಡಿನಲ್ಲಿ ಎರಡನ್ನೂ ಮಾಡಲು ಹೋದರೆ ಕಾಯಿಗಳನ್ನು ವಾಪಸ್ ಎಲ್ಲಿ ಇಡಬೇಕು ಅನ್ನುವುದೇ ಮರೆತುಹೋಗುತ್ತದೆ.